ನೀತಿಪಾಠ, ಗಿಳಿಪಾಠ: ಓದುಗರ ಪ್ರಶ್ನೆಗಳಿಗೆ ಉತ್ತರ

ಶಾಲೆ ಮಕ್ಕಳಿಗೆ ಮೌಲ್ಯಗಳನ್ನು ಕಲಿಸಬೇಕೆ? ಕಲಿಸಹೊರಟರೆ ಅದು ಯಾವ ಹಂತದಲ್ಲಿ ಒಂದು ಸಿದ್ಧಾಂತವನ್ನು ತಲೆಗೆ ತುಂಬುವ ಕೆಲಸವಾಗಿಬಿಡುತ್ತದೆ? ಈ ಬಗ್ಗೆ ಪೋಷಕರು, ಶಿಕ್ಷಕರು, ಒಬ್ಬ ವಿದ್ಯಾರ್ಥಿನಿ ಬರೆದಿದ್ದಾರೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಎಂಟಕ್ಕೆ ಇಳಿಸಿದ್ದೇವೆ.

ಪ್ರಶ್ನೆ: ಶಾಲೆ ಗಣಿತ, ವಿಜ್ಞಾನ, ಭಾಷೆ ಕಲಿಸಿದರೆ ಸಾಕಲ್ಲವೇ? ಒಳ್ಳೆಯದು ಕೆಟ್ಟದ್ದನ್ನು ಮನೆಯಲ್ಲಿ ನಾವೇ ಹೇಳಿಕೊಡುತ್ತೇವೆ. ಮೌಲ್ಯದ ಹೆಸರಿನಲ್ಲಿ ಯಾರ್ಯಾರದೋ ವಿಚಾರ ಮಕ್ಕಳ ತಲೆಗೆ ಹೋಗುವುದು ಬೇಡ. (ಇಬ್ಬರು ಮಕ್ಕಳ ತಂದೆ)

ನಿಮ್ಮ ಆತಂಕ ಸರಿಯಾದದ್ದೇ. ಆದರೆ ನೀವು ಹೇಳುವ ಪರಿಹಾರ ಆಗುವ ಮಾತಲ್ಲ. ಗಣಿತದ ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ನೋಡಿ ಬರೆಯಬಾರದು ಎನ್ನುವುದು ಗಣಿತದ ನಿಯಮವಲ್ಲ, ನೀತಿಯ ನಿಯಮ. ಪ್ರಯೋಗದಲ್ಲಿ ಬಂದ ಅಳತೆಯನ್ನೇ ಬರೆಯಬೇಕು, ಪುಸ್ತಕದ ಅಳತೆಗೆ ಹೊಂದುವಂತೆ ತಿದ್ದಬಾರದು ಎನ್ನುವುದೂ ಅಷ್ಟೇ. ಮುಂದಿನ ಬೆಂಚಿನವರಿಗೇ ದಿನವೂ ಪ್ರಶ್ನೆ ಕೇಳುವ ಮೇಷ್ಟ್ರು, ಹಿಂದಿನ ಬೆಂಚಿನವರಿಗೆ ಬಾಯಿಬಿಟ್ಟು ಹೇಳದೆಯೇ ಒಂದು ಪಾಠ ಹೇಳುತ್ತಿರುತ್ತಾರೆ. ವೇಳಾಪಟ್ಟಿಯಲ್ಲಿಲ್ಲದ ಇಂಥ ಪಾಠಗಳಿಗೆ ಅಮೆರಿಕದ ಶಿಕ್ಷಣತಜ್ಞ ಫಿಲಿಪ್ ಜಾಕ್ಸನ್ 1968ರಲ್ಲಿ ‘ಗುಪ್ತ ಪಠ್ಯಕ್ರಮ’ ಎಂಬ ಹೆಸರು ಕೊಟ್ಟರು. ಮೌಲ್ಯವನ್ನು ವೇಳಾಪಟ್ಟಿಯಿಂದ ತೆಗೆದುಹಾಕಿದರೆ ಅದು ಶಾಲೆಯಿಂದ ಹೋಗುವುದಿಲ್ಲ, ಯಾರ ಕಣ್ಣಿಗೂ ಬೀಳದಂತಾಗುತ್ತದೆ ಅಷ್ಟೆ. ಪ್ರಶ್ನಿಸಲು ಕಷ್ಟವಾಗುವುದು ಅಂಥದ್ದನ್ನೇ.

ಆದ್ದರಿಂದ ಶಾಲೆಗೆ ‘ಕಲಿಸಬೇಡಿ’ ಎನ್ನುವ ಬದಲು ‘ಏನು ಕಲಿಸುತ್ತೀರಿ, ಬರೆದು ತೋರಿಸಿ’ ಎನ್ನಿ. ಒಂದು ಪುಟ ಸಾಕು. ಯಾವ ನಡವಳಿಕೆಯನ್ನು ಎಲ್ಲ ಮಕ್ಕಳಿಂದಲೂ ನಿರೀಕ್ಷಿಸುತ್ತೀರಿ, ಪ್ರತಿಯೊಂದಕ್ಕೂ ಕಾರಣವೇನು, ಯಾವ ವಿಷಯಗಳಲ್ಲಿ ಶಾಲೆ ಯಾವ ನಿಲುವನ್ನೂ ತಾಳುವುದಿಲ್ಲ ಎಂಬ ಮೂರು ಸಂಗತಿ ಅದರಲ್ಲಿರಬೇಕು. ಮೂರನೆಯದನ್ನು ಬರೆಯಲು ಹಿಂದೇಟು ಹಾಕುವ ಶಾಲೆಯ ಬಗ್ಗೆ ಸ್ವಲ್ಪ ಎಚ್ಚರವಾಗಿರುವುದು ಒಳ್ಳೆಯದು.

ಪ್ರಶ್ನೆ: ಆರು ವರ್ಷದ ಮಗುವಿಗೆ ಕಾರಣ ಅರ್ಥವಾಗುವುದಿಲ್ಲ. ‘ಹೀಗೆ ಮಾಡು’ ಎಂದಷ್ಟೇ ಹೇಳಬೇಕಾಗುತ್ತದೆ. ಅದೂ ತಲೆಗೆ ತುಂಬುವುದೇ ಆಯಿತಲ್ಲ? (ಒಂದನೇ ತರಗತಿಯ ಶಿಕ್ಷಕಿ)

ಮಕ್ಕಳಿಗೆ ಅರ್ಥವಾಗುವುದು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು. ಎಲಿಯಟ್ ಟ್ಯೂರಿಯಲ್, ಲ್ಯಾರಿ ನುಚ್ಚಿ ಮೊದಲಾದ ಮನೋವಿಜ್ಞಾನಿಗಳು 1970ರ ದಶಕದಿಂದ ಪುಟ್ಟ ಮಕ್ಕಳಿಗೆ ಎರಡು ಬಗೆಯ ಪ್ರಶ್ನೆ ಕೇಳುತ್ತ ಬಂದಿದ್ದಾರೆ. ‘ಈ ಶಾಲೆಯಲ್ಲಿ ಸಮವಸ್ತ್ರ ಬೇಡ ಎಂದು ಟೀಚರೇ ಹೇಳಿದರೆ ಬಣ್ಣದ ಬಟ್ಟೆ ಹಾಕಬಹುದೇ?’ ಎಂದರೆ ಹೆಚ್ಚಿನ ಮಕ್ಕಳು ಹೂಂ ಎನ್ನುತ್ತಾರೆ. ‘ಹೊಡೆಯಬಹುದು ಎಂದು ಟೀಚರೇ ಹೇಳಿದರೆ ಹೊಡೆಯಬಹುದೇ?’ ಎಂದರೆ ಊಹೂಂ, ಅವನಿಗೆ ನೋವಾಗುತ್ತದೆ ಎನ್ನುತ್ತಾರೆ. ಅಂದರೆ ನೀತಿಗೂ ರೂಢಿಗೂ ವ್ಯತ್ಯಾಸವಿದೆ ಎಂಬುದು ಶಾಲೆಗೆ ಕಾಲಿಡುವ ಮೊದಲೇ ಅವರಿಗೆ ತಕ್ಕಮಟ್ಟಿಗೆ ತಿಳಿದಿರುತ್ತದೆ.

ಈ ವ್ಯತ್ಯಾಸವನ್ನು ಅಳಿಸಿಹಾಕುವವರು ಹೆಚ್ಚಾಗಿ ದೊಡ್ಡವರೇ. ಶೂ ಪಾಲಿಶ್ ಮಾಡದ ಮಗುವಿಗೂ ಇನ್ನೊಬ್ಬನನ್ನು ನೂಕಿದ ಮಗುವಿಗೂ ಒಂದೇ ದನಿಯಲ್ಲಿ ‘ಕೆಟ್ಟ ಹುಡುಗ’ ಎನ್ನುತ್ತೇವೆ. ಕೇಳಿ ಕೇಳಿ, ಕೆಟ್ಟದ್ದು ಎಂದರೆ ಟೀಚರಿಗೆ ಇಷ್ಟವಾಗದ್ದು ಎಂದು ಮಗು ತೀರ್ಮಾನಿಸುತ್ತದೆ. ಮುಂದೆ ಯಾವ ಅಧಿಕಾರದ ಮಾತನ್ನೂ ಪ್ರಶ್ನಿಸದೆ ನುಂಗುವ ಅಭ್ಯಾಸಕ್ಕೆ ಅಲ್ಲಿಂದಲೇ ದಾರಿ. ಹಾಗಾಗಿ ಎರಡಕ್ಕೂ ಎರಡು ಬಗೆಯ ಮಾತು ಇಟ್ಟುಕೊಳ್ಳಿ. ರೂಢಿಗೆ: ‘ನಮ್ಮ ಶಾಲೆಯಲ್ಲಿ ಹೀಗೆ ಮಾಡುತ್ತೇವೆ, ಬೇರೆ ಕಡೆ ಬೇರೆ ಥರ ಇರಬಹುದು.’ ನೀತಿಗೆ: ‘ಅವಳ ಮುಖ ನೋಡು, ಏನಾಗಿದೆ ಅವಳಿಗೆ?’ ಒಂದು ವಾಕ್ಯದ ಕಾರಣ ಸಾಕು, ಭಾಷಣ ಬೇಡ. ಅಭ್ಯಾಸ ಮಾಡಿಸುವುದರಲ್ಲಿ ತಪ್ಪಿಲ್ಲ. ‘ಯಾಕೆ?’ ಎಂದು ಕೇಳಿದ ದಿನ ಬಾಯಿ ಮುಚ್ಚಿಸಿದರೆ ಮಾತ್ರ ಅದು ತಲೆಗೆ ತುಂಬುವುದಾಗುತ್ತದೆ.

ಪ್ರಶ್ನೆ: ಗೆರೆ ಎಲ್ಲಿ ಎಳೆಯಬೇಕು? ಕೆಲವು ವಿಷಯದಲ್ಲಿ ನೇರವಾಗಿ ‘ಇದು ತಪ್ಪು’ ಎನ್ನಬೇಕು ಅನಿಸುತ್ತದೆ, ಕೆಲವು ಕಡೆ ಸುಮ್ಮನಿರಬೇಕು ಅನಿಸುತ್ತದೆ. ಯಾವುದು ಯಾವುದಕ್ಕೆ ಎಂದು ತಿಳಿಯುವುದು ಹೇಗೆ? (ಪ್ರೌಢಶಾಲೆಯ ಸಮಾಜವಿಜ್ಞಾನ ಶಿಕ್ಷಕ)

ಬಂದ ಪತ್ರಗಳಲ್ಲೆಲ್ಲ ಇದೇ ಮುಖ್ಯ ಪ್ರಶ್ನೆ, ಆದ್ದರಿಂದ ಉತ್ತರವೂ ಉದ್ದ.

ಪಾಠಕ್ಕೆ ಬರುವ ಹೇಳಿಕೆಗಳನ್ನು ಮೊದಲು ಮೂರು ಬುಟ್ಟಿಗೆ ಹಾಕಿ. ಮೊದಲ ಬುಟ್ಟಿಯಲ್ಲಿ ಸಾಕ್ಷ್ಯದಿಂದ ತೀರ್ಮಾನವಾಗಿರುವ ಸಂಗತಿಗಳು: ಜೀವಿಗಳು ವಿಕಾಸ ಹೊಂದಿವೆ, ಭೂಮಿ ಬಿಸಿಯಾಗುವುದಕ್ಕೆ ಈಗ ಮನುಷ್ಯನೇ ಮುಖ್ಯ ಕಾರಣ, ಇತ್ಯಾದಿ. ಇವುಗಳ ಮೇಲೆ ‘ಪರ-ವಿರೋಧ’ ಚರ್ಚಾಸ್ಪರ್ಧೆ ಇಡುವುದು ನಿಷ್ಪಕ್ಷಪಾತವಲ್ಲ, ಇಲ್ಲದ ಅನುಮಾನವನ್ನು ಹುಟ್ಟಿಸುವುದು. ಎರಡನೆಯದರಲ್ಲಿ ಒಟ್ಟಿಗೆ ಬಾಳಲು ಯಾರಿಗೂ ಬೇಕಾದ ಮೌಲ್ಯಗಳು: ಮೋಸ ಮಾಡಬಾರದು, ಹುಟ್ಟಿನ ಕಾರಣಕ್ಕೆ ಯಾರನ್ನೂ ಹೀಯಾಳಿಸಬಾರದು, ಕೊಟ್ಟ ಮಾತು ಉಳಿಸಿಕೊಳ್ಳಬೇಕು. ಇವಕ್ಕೆ ಕೊಡುವ ಕಾರಣವನ್ನು ಯಾವ ಮತದವರೂ, ಯಾವ ಪಕ್ಷದವರೂ ಒಪ್ಪಬಹುದು. ಇಲ್ಲಿ ನೇರವಾಗಿ ‘ಇದು ಸರಿ, ಇದು ತಪ್ಪು’ ಎನ್ನಿ, ಸಂಕೋಚ ಬೇಡ. ಮೂರನೆಯದರಲ್ಲಿ ತಿಳಿದವರೂ, ಒಂದೇ ಸಂಗತಿಗಳನ್ನು ಮುಂದಿಟ್ಟುಕೊಂಡೂ, ಪ್ರಾಮಾಣಿಕವಾಗಿಯೇ ಭಿನ್ನವಾಗಿ ಯೋಚಿಸುವ ಪ್ರಶ್ನೆಗಳು: ಮರಣದಂಡನೆ ಇರಬೇಕೆ, ಔಷಧದ ಪರೀಕ್ಷೆಗೆ ಪ್ರಾಣಿಗಳನ್ನು ಬಳಸಬಹುದೆ, ತೆರಿಗೆ ಎಷ್ಟಿರಬೇಕು, ದೇವರಿದ್ದಾನೆಯೇ. ಇಲ್ಲಿ ಶಿಕ್ಷಕರ ಕೆಲಸ ಮಕ್ಕಳಿಗೆ ಯೋಚಿಸುವ ಸಾಮಾನು ಒದಗಿಸುವುದು. ತೀರ್ಮಾನ ಅವರದು.

ಬುಟ್ಟಿಗೆ ಹಾಕುವಾಗ ಒಂದು ಅಳತೆಗೋಲು ಬೇಕು. ಯಾರೋ ಒಬ್ಬರು ವಿರೋಧಿಸುತ್ತಾರೆ ಎಂದ ಮಾತ್ರಕ್ಕೆ ವಿಷಯ ಮೂರನೇ ಬುಟ್ಟಿಗೆ ಬರುವುದಿಲ್ಲ, ಭೂಮಿ ಚಪ್ಪಟೆ ಎನ್ನುವವರೂ ಇದ್ದಾರೆ. ವಿರೋಧಿಸುವವರ ಬಳಿ ಪರೀಕ್ಷೆಗೆ ನಿಲ್ಲುವ ಕಾರಣವಿದೆಯೇ ಎಂಬುದನ್ನು ನೋಡಬೇಕು.

ತೊಡಕು ಶುರುವಾಗುವುದು ಒಂದೇ ವಿಷಯ ಮೂರೂ ಬುಟ್ಟಿಯಲ್ಲಿ ಕಾಲಿಟ್ಟಾಗ. ಹವಾಮಾನ ಬದಲಾವಣೆಯನ್ನೇ ತೆಗೆದುಕೊಳ್ಳಿ. ಬಿಸಿಯೇರುತ್ತಿದೆ ಎನ್ನುವುದು ಮೊದಲನೆಯದು. ನಮ್ಮ ಹೊರೆಯನ್ನು ಮುಂದಿನವರ ತಲೆಗೆ ಕಟ್ಟಬಾರದು ಎನ್ನುವುದು ಎರಡನೆಯದು. ಅದಕ್ಕೆ ಇಂಗಾಲದ ತೆರಿಗೆಯೋ, ಅಣುವಿದ್ಯುತ್ತೋ, ಬಳಕೆಗೆ ಕಡಿವಾಣವೋ ಎನ್ನುವುದು ಮೂರನೆಯದು. ‘ವಿಜ್ಞಾನ ಸಾಬೀತು ಮಾಡಿದೆ, ಆದ್ದರಿಂದ ಈ ತೆರಿಗೆ ಬೇಕೇ ಬೇಕು’ ಎಂದು ಮೊದಲ ಬುಟ್ಟಿಯಿಂದ ಮೂರನೆಯದಕ್ಕೆ ಸದ್ದಿಲ್ಲದೆ ಜಿಗಿಯುವುದು ಸಿದ್ಧಾಂತ ಹೇರುವವರ ಹಳೆಯ ಕೈಚಳಕ. ಒಳ್ಳೆಯ ಶಿಕ್ಷಕರೂ ಉತ್ಸಾಹದಲ್ಲಿ ಇದನ್ನೇ ಮಾಡುತ್ತಾರೆ, ತಮಗೇ ಗೊತ್ತಾಗದ ಹಾಗೆ.

ಎರಡನೇ ಬುಟ್ಟಿಯಲ್ಲೂ ಒಂದು ಮೋಸವಿದೆ. ‘ಗೌರವ’, ‘ಶಿಸ್ತು’, ‘ಸಮಾನತೆ’, ‘ದೇಶಪ್ರೇಮ’ ಎಂಬ ದೊಡ್ಡ ಪದಗಳನ್ನು ಎಲ್ಲರೂ ಒಪ್ಪುತ್ತಾರೆ, ಅವುಗಳ ಒಳಗೆ ಏನಿದೆ ಎಂಬುದನ್ನಲ್ಲ. ಪಟ್ಟಿ ಮಾಡುವಾಗ ಪದವನ್ನು ಹೊಡೆದುಹಾಕಿ, ಆ ಜಾಗದಲ್ಲಿ ಒಂದು ಕೆಲಸವನ್ನು ಬರೆಯಿರಿ. ‘ಗೌರವ’ ಎಂಬಲ್ಲಿ ‘ಮಾತಾಡುವವರು ಮುಗಿಸುವವರೆಗೆ ಕಾಯುವುದು’ ಎಂದು ಬಂದರೆ ಯಾರ ತಕರಾರೂ ಇಲ್ಲ. ‘ದೊಡ್ಡವರನ್ನು ಪ್ರಶ್ನಿಸದಿರುವುದು’ ಎಂದು ಬಂದರೆ ಅದು ಮೂರನೇ ಬುಟ್ಟಿಯ ಸರಕು, ಎರಡನೆಯದರ ಚೀಟಿ ಅಂಟಿಸಿಕೊಂಡು ಬಂದಿದೆ.

ಇದಕ್ಕೊಂದು ಪರೀಕ್ಷಿತ ನಿಯಮಾವಳಿಯೂ ಇದೆ. 1970ರ ದಶಕದ ಪಶ್ಚಿಮ ಜರ್ಮನಿಯಲ್ಲಿ ಪೌರಶಿಕ್ಷಣ ಹೇಗಿರಬೇಕೆಂಬ ಬಗ್ಗೆ ಎಡ-ಬಲದವರ ನಡುವೆ ಜೋರು ಜಗಳ ನಡೆಯುತ್ತಿತ್ತು. 1976ರಲ್ಲಿ ಬಾಯ್ಟೆಲ್ಸ್‌ಬಾಖ್ ಎಂಬ ಊರಿನಲ್ಲಿ ಎರಡೂ ಕಡೆಯವರು ಸಭೆ ಸೇರಿದರು. ಅಲ್ಲಿ ಮೂಡಿದ ಒಮ್ಮತವನ್ನು ಹಾನ್ಸ್-ಗೇಯೋರ್ಗ್ ವೇಲಿಂಗ್ ಮೂರು ಅಂಶಗಳಲ್ಲಿ ಬರೆದಿಟ್ಟರು. ಒಂದು, ವಿದ್ಯಾರ್ಥಿ ತಾನೇ ತೀರ್ಮಾನಿಸಲು ಆಗದಂತೆ ಅವರ ಮೇಲೆ ಅಭಿಪ್ರಾಯವನ್ನು ಹೊರಿಸಬಾರದು. ಎರಡು, ಸಮಾಜದಲ್ಲಿ, ವಿದ್ವಾಂಸರಲ್ಲಿ ವಿವಾದವಾಗಿರುವುದು ತರಗತಿಯಲ್ಲೂ ವಿವಾದವಾಗಿಯೇ ಕಾಣಬೇಕು. ಮೂರು, ವಿದ್ಯಾರ್ಥಿ ತನ್ನ ಹಿತ ಯಾವುದರಲ್ಲಿದೆ ಎಂದು ಅಳೆಯುವ, ಪರಿಸ್ಥಿತಿಯನ್ನು ಬದಲಿಸಲು ದಾರಿ ಹುಡುಕುವ ಸಾಮರ್ಥ್ಯ ಪಡೆಯಬೇಕು. ಬ್ರಿಟನ್ ಇದನ್ನೇ ಕಾನೂನಿನ ಭಾಷೆಯಲ್ಲಿ ಹೇಳಿತು. ಅಲ್ಲಿನ 1996ರ ಶಿಕ್ಷಣ ಕಾಯಿದೆಯ 406ನೇ ಸೆಕ್ಷನ್ ಪಾಠದಲ್ಲಿ ಪಕ್ಷಪಾತದ ರಾಜಕೀಯ ನಿಲುವನ್ನು ಬೆಳೆಸುವುದನ್ನು ನಿಷೇಧಿಸುತ್ತದೆ, 407ನೆಯದು ರಾಜಕೀಯ ವಿಷಯ ಬಂದಾಗ ವಿರುದ್ಧ ನಿಲುವುಗಳನ್ನು ಸಮತೋಲನದಿಂದ ಮುಂದಿಡಬೇಕು ಎನ್ನುತ್ತದೆ.

ಇನ್ನು, ಎಲ್ಲವನ್ನೂ ಮೂರನೇ ಬುಟ್ಟಿಗೆ ಹಾಕಿ ಕೈತೊಳೆದುಕೊಳ್ಳುವುದೂ ಪರಿಹಾರವಲ್ಲ. 1966ರ ಹೊತ್ತಿಗೆ ಅಮೆರಿಕದಲ್ಲಿ ‘ಮೌಲ್ಯ ಸ್ಪಷ್ಟೀಕರಣ’ ಎಂಬ ವಿಧಾನ ರೂಪುಗೊಂಡು, ಮುಂದೆ ಕೆಲವು ವರ್ಷ ಬಹಳ ನಡೆಯಿತು. ಶಿಕ್ಷಕರು ಯಾವುದನ್ನೂ ಸರಿ-ತಪ್ಪು ಎನ್ನಬಾರದು, ಮಗು ತನ್ನ ಮೌಲ್ಯವನ್ನು ತಾನೇ ಆರಿಸಿಕೊಳ್ಳಲು ನೆರವಾಗಬೇಕು ಎಂಬುದು ಅದರ ಸಾರ. ನಕಲು ಮಾಡುವುದು ನನ್ನ ಮೌಲ್ಯ ಎಂದು ಹುಡುಗನೊಬ್ಬ ಹೇಳಿದರೆ ಈ ವಿಧಾನದಲ್ಲಿ ಅವನಿಗೆ ಉತ್ತರವೇ ಇಲ್ಲ. ಕೊಂಕು ಅಲ್ಲಿಗೇ ನಿಲ್ಲುವುದಿಲ್ಲ: ‘ಎಲ್ಲವೂ ಅವರವರ ಇಷ್ಟ’ ಎನ್ನುವುದೂ ಒಂದು ಸಿದ್ಧಾಂತವೇ.

ಪ್ರಶ್ನೆ: ವಿವಾದದ ವಿಷಯವನ್ನು 45 ನಿಮಿಷದ ಪಿರಿಯಡ್‌ನಲ್ಲಿ ತೆಗೆದುಕೊಳ್ಳುವುದು ಹೇಗೆ? ತರಗತಿಯಲ್ಲಿ 40 ಮಕ್ಕಳಿದ್ದಾರೆ, ನಾಲ್ವರು ಮಾತ್ರ ಮಾತಾಡುತ್ತಾರೆ. (ಒಂಬತ್ತನೇ ತರಗತಿಯ ಶಿಕ್ಷಕಿ)

ತಯಾರಿ ಹಿಂದಿನ ದಿನ. ವಿಷಯ ‘ಮತದಾನದ ವಯಸ್ಸನ್ನು 16ಕ್ಕೆ ಇಳಿಸಬೇಕೆ?’ ಎಂದಿಟ್ಟುಕೊಳ್ಳಿ. ನಿಮ್ಮ ಸ್ವಂತ ಅಭಿಪ್ರಾಯವನ್ನು ಒಂದು ಹಾಳೆಯಲ್ಲಿ ಬರೆದು, ಅದರ ಕೆಳಗೆ ಅದಕ್ಕೆ ವಿರುದ್ಧವಾದ ಮೂರು ಗಟ್ಟಿ ಕಾರಣ ಬರೆಯಿರಿ. ಮೂರು ಸಿಗದಿದ್ದರೆ ಪಾಠ ಮುಂದೂಡಿ, ನೀವಿನ್ನೂ ಸಿದ್ಧರಾಗಿಲ್ಲ. ಆಮೇಲೆ ಆರರಿಂದ ಎಂಟು ಸಂಗತಿಗಳ ಒಂದು ಪುಟ ತಯಾರಿಸಿ. ಉದಾಹರಣೆಗೆ: ಬ್ರೆಜಿಲ್‌ನ 1988ರ ಸಂವಿಧಾನದ ಪ್ರಕಾರ 16 ಮತ್ತು 17 ವಯಸ್ಸಿನವರು ಇಷ್ಟವಿದ್ದರೆ ಮತ ಹಾಕಬಹುದು, ಆಸ್ಟ್ರಿಯಾ 2007ರಲ್ಲಿ ವಯಸ್ಸನ್ನು 16ಕ್ಕೆ ಇಳಿಸಿತು, ಹೆಚ್ಚಿನ ದೇಶಗಳಲ್ಲಿ ಅದು 18, ಬ್ರಿಟನ್ 1969ರಲ್ಲಿ, ಅಮೆರಿಕ 1971ರಲ್ಲಿ, ಭಾರತ 1989ರಲ್ಲಿ 21ರಿಂದ 18ಕ್ಕೆ ಇಳಿಸಿದವು.

ಮೊದಲ 5 ನಿಮಿಷ ಗುಪ್ತ ಚೀಟಿ: ಹೌದು, ಇಲ್ಲ, ಗೊತ್ತಿಲ್ಲ. ಹೆಸರು ಬೇಡ. ಚೀಟಿ ಡಬ್ಬಿಗೆ ಹೋಗಲಿ, ಈಗಲೇ ಎಣಿಸಬೇಡಿ. ಮುಂದಿನ 7 ನಿಮಿಷ ಸಂಗತಿಗಳ ಪುಟ ಓದುವುದು. ಅದರಲ್ಲಿ ಬೇಕೆಂದೇ ಒಂದೆರಡು ಅಭಿಪ್ರಾಯದ ವಾಕ್ಯ ಬೆರೆಸಿಡಿ, ಮಕ್ಕಳು ಅವಕ್ಕೆ ಗೆರೆ ಎಳೆಯಲಿ.

ಬಳಿಕ 12 ನಿಮಿಷ ನಾಲ್ವರ ಗುಂಪು. ಇಬ್ಬರು ಪರ, ಇಬ್ಬರು ವಿರೋಧ, ಯಾರು ಯಾವುದಕ್ಕೆ ಎಂಬುದು ಚೀಟಿ ಎತ್ತಿ ತೀರ್ಮಾನ. ಪರದವರು 3 ನಿಮಿಷ, ವಿರೋಧದವರು 3 ನಿಮಿಷ. ಆಮೇಲೆ ಪಾತ್ರ ಅದಲುಬದಲು, ಮತ್ತೆ ಮೂರು ಮೂರು ನಿಮಿಷ. ಅಮೆರಿಕದ ಡೇವಿಡ್ ಮತ್ತು ರೋಜರ್ ಜಾನ್ಸನ್ ಸಹೋದರರು ರೂಪಿಸಿದ ವಿಧಾನವಿದು. ನಾಲ್ವರೇ ಮಾತಾಡುವ ನಿಮ್ಮ ತೊಂದರೆ ಇಲ್ಲೇ ತಪ್ಪುತ್ತದೆ, ಏಕೆಂದರೆ ಹತ್ತೂ ಗುಂಪಿನಲ್ಲಿ ಏಕಕಾಲಕ್ಕೆ ಯಾರೋ ಒಬ್ಬರು ಮಾತಾಡುತ್ತಿರುತ್ತಾರೆ. ತನ್ನದಲ್ಲದ ನಿಲುವಿನ ಪರವಾಗಿ ಮಾತಾಡುವುದರಿಂದ ‘ಅವನ ಮನೆಯವರು ಹಾಗಂತೆ’ ಎಂಬ ಗುಸುಗುಸುವಿಗೂ ಜಾಗವಿರುವುದಿಲ್ಲ.

ಅನಂತರ 12 ನಿಮಿಷ ಇಡೀ ತರಗತಿ. ಹಲಗೆಯ ಮೇಲೆ ಎರಡು ಕಂಬ ಸಾಲು ಎಳೆದು ಕಾರಣಗಳನ್ನು ಬರೆಯಿರಿ, ಹೇಳಿದವರ ಹೆಸರು ಬೇಡ. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಮೂರು ಎಣಿಸಿ. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿಗಿಂತ ಹೆಚ್ಚು ಕಾಯುವುದಿಲ್ಲ, ಮೂರು ಸೆಕೆಂಡು ಕಾದರೆ ಉತ್ತರ ಉದ್ದವಾಗುತ್ತದೆ, ಹೊಸ ಮಕ್ಕಳು ಬಾಯಿ ತೆರೆಯುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು. ಉಳಿದ 9 ನಿಮಿಷದಲ್ಲಿ 5 ಎರಡನೇ ಚೀಟಿಗೆ, ಎರಡೂ ಡಬ್ಬಿಯ ಮೊತ್ತ ಹೇಳಲಿಕ್ಕೆ. 4 ನಿಮಿಷ ಬರವಣಿಗೆ: ‘ನನ್ನ ಅಭಿಪ್ರಾಯ ಬದಲಾಗಬೇಕಾದರೆ ನನಗೆ ಏನು ತಿಳಿಯಬೇಕು?’

ಎಲ್ಲಿ ಕೆಡುತ್ತದೆ? ಚೀಟಿಯ ಬದಲು ಕೈ ಎತ್ತಿಸಿದರೆ ಮಕ್ಕಳು ಅಕ್ಕಪಕ್ಕ ನೋಡಿ ಕೈ ಎತ್ತುತ್ತಾರೆ. ಒಂದು ಕಡೆಯ ಕಾರಣಕ್ಕೆ ‘ಶಭಾಷ್’, ಇನ್ನೊಂದಕ್ಕೆ ‘ಹೂಂ, ಸರಿ’ ಎಂದರೆ ಹತ್ತು ನಿಮಿಷದೊಳಗೆ ತರಗತಿಗೆ ಸುಳಿವು ಸಿಗುತ್ತದೆ. ಎರಡಕ್ಕೂ ‘ಬರೆದುಕೊಂಡೆ’ ಎಂದಷ್ಟೇ ಹೇಳಿ. ಎರಡನೇ ಚೀಟಿಯಲ್ಲಿ ನಲವತ್ತೂ ಮಕ್ಕಳು ಒಂದೇ ಕಡೆ ವಾಲಿದರೆ ಖುಷಿಪಡಬೇಡಿ, ಸಂಗತಿಗಳ ಪುಟವನ್ನು ಮತ್ತೆ ಓದಿ ನೋಡಿ, ಎಲ್ಲೋ ತಕ್ಕಡಿಗೆ ಕೈ ತಾಗಿದೆ. ಇನ್ನೊಂದು ಮುಖ್ಯ ಮಾತು: ತರಗತಿಯಲ್ಲಿ ಕೂತಿರುವ ಒಂದು ಮಗುವಿನ ಸಮುದಾಯವನ್ನೋ, ಅಂಗವೈಕಲ್ಯವನ್ನೋ, ಕುಟುಂಬದ ಸ್ಥಿತಿಯನ್ನೋ ಪರ-ವಿರೋಧದ ವಿಷಯ ಮಾಡಬೇಡಿ. ಸರ್ಕಾರದ ನೀತಿ-ನಿಯಮಗಳ ಬಗ್ಗೆ ಚರ್ಚಿಸಬಹುದು, ಎದುರಿಗಿರುವವರ ಘನತೆಯ ಬಗ್ಗೆ ಅಲ್ಲ.

ಪ್ರಶ್ನೆ: ‘ಸರ್, ನೀವು ಯಾರ ಪರ?’ ಎಂದು ಮಕ್ಕಳು ನೇರವಾಗಿ ಕೇಳುತ್ತಾರೆ. ಹೇಳಬೇಕೆ, ಜಾರಿಕೊಳ್ಳಬೇಕೆ? (ಇತಿಹಾಸ ಶಿಕ್ಷಕ)

ಪಕ್ಷ, ಅಭ್ಯರ್ಥಿ, ಮತ-ಧರ್ಮದ ವಿಷಯವಾದರೆ ಹೇಳಬೇಡಿ. ಜಾರಿಕೊಳ್ಳುವುದೂ ಬೇಡ, ‘ಅಂಕ ಕೊಡುವವನು ನಾನು, ಹಾಗಾಗಿ ಹೇಳುವುದಿಲ್ಲ’ ಎಂದು ಕಾರಣ ಹೇಳಿ. ಬೇರೆ ವಿವಾದಗಳಲ್ಲಿ ಪರಿಣತರಲ್ಲೇ ಎರಡು ಮಾತಿದೆ. ಬ್ರಿಟನ್ನಿನ ಶಿಕ್ಷಣತಜ್ಞ ಲಾರೆನ್ಸ್ ಸ್ಟೆನ್‌ಹೌಸ್ 1967ರಲ್ಲಿ ಆರಂಭವಾದ ತಮ್ಮ ಪಠ್ಯಕ್ರಮ ಯೋಜನೆಯಲ್ಲಿ ಶಿಕ್ಷಕ ತಟಸ್ಥ ಅಧ್ಯಕ್ಷನಂತಿರಬೇಕು ಎಂದರು. ತನಗೆ ಅಭಿಪ್ರಾಯವೇ ಇಲ್ಲ ಎಂದು ನಟಿಸುವ ಶಿಕ್ಷಕನನ್ನು ಮಕ್ಕಳು ನಂಬುವುದಿಲ್ಲ ಎನ್ನುವವರೂ ಇದ್ದಾರೆ. ನಮ್ಮ ಸಲಹೆ ನಡುವಿನದು. ಹನ್ನೆರಡು ಹದಿಮೂರರ ಒಳಗಿನವರಿಗೆ ಹೇಳಬೇಡಿ, ನಿಮ್ಮ ಮಾತೇ ಅವರಿಗೆ ಉತ್ತರವಾಗಿಬಿಡುತ್ತದೆ. ದೊಡ್ಡ ಮಕ್ಕಳು ಕೇಳಿದರೆ, ಎರಡನೇ ಚೀಟಿ ಬಿದ್ದ ಮೇಲೆ ಮಾತ್ರ ಹೇಳಿ. ಜೊತೆಗೆ ನಿಮ್ಮ ನಿಲುವಿನ ವಿರುದ್ಧ ನಿಮ್ಮನ್ನು ಹೆಚ್ಚು ಕಾಡುವ ಕಾರಣ ಯಾವುದು ಎಂಬುದನ್ನೂ ಹೇಳಿ.

ಪ್ರಶ್ನೆ: ನಮ್ಮಲ್ಲಿ ವಾರಕ್ಕೊಂದು ನೀತಿಪಾಠದ ಪಿರಿಯಡ್ ಇದೆ. ಮಕ್ಕಳು ಗಂಭೀರವಾಗಿ ತೆಗೆದುಕೊಳ್ಳಲಿ ಎಂದು ಪರೀಕ್ಷೆ, ಅಂಕ, ‘ಒಳ್ಳೆಯ ನಡತೆ’ಗೆ ಬಹುಮಾನ ಇಡಬೇಕೆಂದಿದ್ದೇವೆ. ಸರಿಯೇ? (ಮುಖ್ಯೋಪಾಧ್ಯಾಯಿನಿ)

ಪಿರಿಯಡ್ ಇರಲಿ, ಅಂಕ ಬೇಡ. ‘ಪ್ರಾಮಾಣಿಕತೆ ಎಂದರೇನು? ಐದು ವಾಕ್ಯಗಳಲ್ಲಿ ಬರೆಯಿರಿ’ ಎಂಬ ಪ್ರಶ್ನೆಗೆ ಪಕ್ಕದವನ ಹಾಳೆ ನೋಡಿ ಉತ್ತರ ಬರೆಯಬಹುದು ಎನ್ನುವುದೇ ಸಾಕಷ್ಟು ಕಾರಣ. ಸಂಶೋಧನೆಯೂ ಹೀಗೇ ಹೇಳುತ್ತದೆ. ಹ್ಯೂ ಹಾರ್ಟ್‌ಶೋರ್ನ್ ಮತ್ತು ಮಾರ್ಕ್ ಮೇ ಅಮೆರಿಕದಲ್ಲಿ ಸಾವಿರಾರು ಮಕ್ಕಳಿಗೆ ಮೋಸ ಮಾಡಲು ಅವಕಾಶವಿರುವ ಸಂದರ್ಭಗಳನ್ನು ಒಡ್ಡಿ ನೋಡಿದರು, 1928ರಿಂದ 1930ರ ನಡುವೆ ಫಲಿತಾಂಶ ಪ್ರಕಟಿಸಿದರು. ಒಂದು ಕಡೆ ಪ್ರಾಮಾಣಿಕವಾಗಿದ್ದ ಮಗು ಇನ್ನೊಂದು ಕಡೆ ಮೋಸ ಮಾಡುತ್ತಿತ್ತು. ನೀತಿಯ ಬಗ್ಗೆ ಚೆನ್ನಾಗಿ ಉತ್ತರಿಸುವುದಕ್ಕೂ ಹಾಗೆ ನಡೆಯುವುದಕ್ಕೂ ಸಂಬಂಧ ತೀರಾ ತೆಳುವಾಗಿತ್ತು. ಸಿಕ್ಕಿಬೀಳುವ ಸಾಧ್ಯತೆ, ಗೆಳೆಯರು ಏನು ಮಾಡುತ್ತಿದ್ದಾರೆ ಎಂಬಂಥ ಸನ್ನಿವೇಶದ ಸಂಗತಿಗಳೇ ಹೆಚ್ಚು ಕೆಲಸ ಮಾಡುತ್ತಿದ್ದವು. 2010ರಲ್ಲಿ ಅಮೆರಿಕದ ಶಿಕ್ಷಣ ಇಲಾಖೆಯ ಸಂಶೋಧನಾ ಸಂಸ್ಥೆ 84 ಶಾಲೆಗಳಲ್ಲಿ ಏಳು ಸಿದ್ಧ ನಡತೆ-ಶಿಕ್ಷಣ ಕಾರ್ಯಕ್ರಮಗಳನ್ನು ಮೂರರಿಂದ ಐದನೇ ತರಗತಿವರೆಗೆ ಪರೀಕ್ಷಿಸಿ, ಸರಾಸರಿಯಾಗಿ ಸುಧಾರಣೆ ಕಾಣಲಿಲ್ಲ ಎಂದು ವರದಿ ಕೊಟ್ಟಿತು. ಮಕ್ಕಳನ್ನು ಒಳ್ಳೆಯವರನ್ನಾಗಿಸುವ ಕಿಟ್ ಮಾರಲು ಬಂದವರಿಗೆ ಇದನ್ನು ತಿಳಿಸಬಹುದು.

ಬಹುಮಾನದ ವಿಷಯ: ಮನೋವಿಜ್ಞಾನಿಗಳಾದ ಲೆಪರ್, ಗ್ರೀನ್, ನಿಸ್ಬೆಟ್ 1973ರ ಪ್ರಯೋಗದಲ್ಲಿ, ಬಣ್ಣದ ಪೆನ್ನಿನಿಂದ ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ‘ಬಿಡಿಸಿದರೆ ಪ್ರಶಸ್ತಿ ಪತ್ರ’ ಎಂದು ಮೊದಲೇ ಹೇಳಿದರು. ಒಂದೆರಡು ವಾರದ ಬಳಿಕ, ಬಿಡುವಿನ ವೇಳೆಯಲ್ಲಿ, ಆ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಇಷ್ಟವಿದ್ದ ಕೆಲಸ ಕೂಲಿಯಾಯಿತು. ಒಳ್ಳೆಯ ನಡತೆಗೆ ಪ್ರತಿ ವಾರ ನಕ್ಷತ್ರ ಅಂಟಿಸಿದರೆ ಮಕ್ಕಳು ನೋಡುವವರಿದ್ದಾಗ ನೆರವಾಗುವುದನ್ನು ಕಲಿಯುತ್ತಾರೆ.

ಜಪಾನ್ 2018ರಿಂದ ಪ್ರಾಥಮಿಕ ಶಾಲೆಯಲ್ಲಿ ನೀತಿಯನ್ನು ‘ವಿಶೇಷ ವಿಷಯ’ವಾಗಿಸಿತು, ಪಠ್ಯಪುಸ್ತಕವನ್ನೂ ಕೊಟ್ಟಿತು. ಅಲ್ಲೂ ಅಂಕವಿಲ್ಲ. ಶಿಕ್ಷಕರು ಮಗುವಿನ ಬಗ್ಗೆ ಕೆಲವು ವಾಕ್ಯ ಬರೆಯುತ್ತಾರೆ. ನೀವೂ ಹಾಗೇ ಮಾಡಬಹುದು: ಪ್ರತಿ ಮಗುವಿಗೆ ವರ್ಷಕ್ಕೆ ಮೂರು ಟಿಪ್ಪಣಿ, ಪ್ರತಿಯೊಂದರಲ್ಲೂ ದಿನಾಂಕ ಮತ್ತು ಕಣ್ಣಾರೆ ಕಂಡ ಒಂದು ಘಟನೆ. ‘ಸೌಮ್ಯ ಸ್ವಭಾವ’ ಎಂಬಂಥ ಪದ ಬರೆಯದಿರಲಿ. ವಾರದ ಪಿರಿಯಡ್‌ನಲ್ಲಿ ನೀತಿಕಥೆಯ ಕೊನೆಯ ಸಾಲಿನ ನೀತಿಯನ್ನು ಓದದೆ ಬಿಡಿ. ‘ಇವನು ಬೇರೆ ಏನು ಮಾಡಬಹುದಿತ್ತು?’ ಎಂದು ಕೇಳಿ, ಶಾಲೆಯಲ್ಲೇ ಆದ ಒಂದು ನಿಜವಾದ ತಕರಾರನ್ನು ಬಿಡಿಸಲು ಕೊಡಿ. ನಲ್ಲಿ ಮುಂದಿನ ಸಾಲು, ಆಟದ ಮೈದಾನದ ಹಂಚಿಕೆ, ಇಂಥವು.

ಪ್ರಶ್ನೆ: ಪ್ರಬಂಧದಲ್ಲಿ ಮೇಷ್ಟ್ರ ಅಭಿಪ್ರಾಯಕ್ಕೆ ವಿರುದ್ಧ ಬರೆದರೆ ಅಂಕ ಕಡಿಮೆಯಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅವರಿಗೆ ಬೇಕಾದ್ದನ್ನೇ ಬರೆಯುತ್ತೇನೆ. ತಪ್ಪೇ? (ಹತ್ತನೇ ತರಗತಿ ವಿದ್ಯಾರ್ಥಿನಿ)

ನಿನ್ನ ತಪ್ಪಲ್ಲಮ್ಮ, ಅಂಕ ಕೊಡುವ ಕ್ರಮದ ತಪ್ಪು. ಬರೆಯುವ ಮೊದಲೇ ‘ಅಂಕ ಹೇಗೆ ಹಂಚುತ್ತೀರಿ ಸರ್?’ ಎಂದು ಕೇಳು, ಅದರಲ್ಲಿ ಅವಿನಯವೇನಿಲ್ಲ. ಶಿಕ್ಷಕರಿಗೆ ನಮ್ಮ ಸಲಹೆ, ಹತ್ತು ಅಂಕಕ್ಕೆ: ಸಂಗತಿಗಳು ಸರಿಯಾಗಿವೆಯೇ, 3; ಕಾರಣದಿಂದ ತೀರ್ಮಾನಕ್ಕೆ ಸರಿಯಾಗಿ ಬಂದಿದ್ದಾರೆಯೇ, 3; ಎದುರು ಪಕ್ಷದ ಅತ್ಯಂತ ಗಟ್ಟಿ ವಾದವನ್ನು ಅವರೇ ಒಪ್ಪುವಂತೆ ಬರೆದಿದ್ದಾರೆಯೇ, 3; ಭಾಷೆ, 1. ನಿಲುವಿಗೆ ಸೊನ್ನೆ. ಹೆಸರಿನ ಬದಲು ಕ್ರಮಸಂಖ್ಯೆ ಬರೆಸಿ, ತಮ್ಮ ನಿಲುವಿನ ಎರಡು ಮತ್ತು ವಿರುದ್ಧದ ಎರಡು ಉತ್ತರಪತ್ರಿಕೆಗಳನ್ನು ಇನ್ನೊಬ್ಬ ಶಿಕ್ಷಕರಿಂದ ತಿದ್ದಿಸಿ ನೋಡಿದರೆ ಪಕ್ಷಪಾತ ಇದೆಯೋ ಇಲ್ಲವೋ ಒಂದೇ ಸಂಜೆಯಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ: ‘ಇಂಥವರೇ ಸರಿ, ಉಳಿದವರೆಲ್ಲ ಕೆಟ್ಟವರು ಎಂದು ಮಿಸ್ ಹೇಳಿದರು’ ಎಂದು ಮಗಳು ಮನೆಗೆ ಬಂದು ಹೇಳಿದಳು. ದೂರು ಕೊಡಬೇಕೆ? ಹೊರಗಿನ ಸಂಸ್ಥೆಯೊಂದು ‘ಮೌಲ್ಯ ಶಿಬಿರ’ವನ್ನೂ ಪುಕ್ಕಟೆ ನಡೆಸುತ್ತಿದೆ. ಅದನ್ನು ಬಿಡಬಹುದೇ? (ಐದನೇ ತರಗತಿ ಹುಡುಗಿಯ ತಾಯಿ, ಶಾಲಾ ಸಮಿತಿ ಸದಸ್ಯೆ)

ಮೊದಲು ಮಗಳ ಹತ್ತಿರ ‘ಮಿಸ್ ಹಾಗಂದರಾ?’ ಎಂದು ಕೇಳಬೇಡಿ, ಮಗು ನಿಮ್ಮ ಮುಖ ನೋಡಿ ಹೌದೆನ್ನುತ್ತದೆ. ‘ಇವತ್ತು ಏನು ಮಾಡಿದಿರಿ? ಆಮೇಲೆ? ಬೇರೆಯವರು ಏನಂದರು?’ ಎಂದು ಕೇಳಿ. ಹೇಳಿದ್ದನ್ನು ಅವಳ ಮಾತಿನಲ್ಲೇ ದಿನಾಂಕ ಹಾಕಿ ಬರೆದಿಡಿ. ನೋಟ್‌ಬುಕ್ ನೋಡಿ. ಬಹಳ ಸಲ ಶಿಕ್ಷಕಿ ‘ಕೆಲವರು ಹೀಗೆನ್ನುತ್ತಾರೆ’ ಎಂದದ್ದು ಮನೆಗೆ ಬರುವಷ್ಟರಲ್ಲಿ ‘ಮಿಸ್ ಹೀಗೆಂದರು’ ಎಂದಾಗಿರುತ್ತದೆ. ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಒಮ್ಮೆ ಹಾಕಿದರೆ ಯಾರೂ ಹಿಂದೆ ಸರಿಯಲಾಗದ ಜಗಳವಾಗುತ್ತದೆ, ಸಿಕ್ಕಿಹಾಕಿಕೊಳ್ಳುವುದು ಮಗು.

ಆಮೇಲೆ ಶಿಕ್ಷಕಿಯನ್ನೇ ಕಂಡು ಕೇಳಿ: ಪಾಠದ ಸಾಮಗ್ರಿ ನೋಡಬಹುದೇ, ಬೇರೆ ನಿಲುವನ್ನು ಹೇಗೆ ಪರಿಚಯಿಸಿದಿರಿ, ಒಪ್ಪದ ಮಗುವಿಗೆ ಏನು ಉತ್ತರಿಸಿದಿರಿ. ಮೂರನೆಯ ಉತ್ತರವೇ ಹೆಚ್ಚು ತಿಳಿಸುತ್ತದೆ. ಅಲ್ಲಿ ಬಗೆಹರಿಯದಿದ್ದರೆ ಮುಖ್ಯಸ್ಥರಿಗೆ ಒಂದು ಪುಟದ ಪತ್ರ: ದಿನಾಂಕ, ಹೇಳಿದ ಮಾತು, ಅದು ಯಾವ ನಿಯಮಕ್ಕೆ ವಿರುದ್ಧ, ಏನಾಗಬೇಕು. ‘ಶಿಕ್ಷಕಿಯನ್ನು ತೆಗೆಯಿರಿ’ ಎನ್ನುವುದಕ್ಕಿಂತ ‘ಬಿಟ್ಟುಹೋದ ನಿಲುವನ್ನೂ ಪಾಠ ಮಾಡಿ’ ಎಂದು ಕೇಳುವುದು ನ್ಯಾಯ. ಅದು ನಡೆಯುವುದೂ ಸುಲಭ.

ಇಷ್ಟವಾಗದ ವಿಷಯ ಪಾಠದಲ್ಲಿ ಬಂದಿತು ಎನ್ನುವುದಷ್ಟೇ ದೂರಿಗೆ ಸಾಲದು. 1976ರಲ್ಲಿ ಡೆನ್ಮಾರ್ಕ್‌ನ ಪೋಷಕರು ಕಡ್ಡಾಯ ಲೈಂಗಿಕ ಶಿಕ್ಷಣದ ವಿರುದ್ಧ ಹೋದಾಗ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಒಪ್ಪಲಿಲ್ಲ. ಮಾಹಿತಿಯನ್ನು ವಸ್ತುನಿಷ್ಠವಾಗಿ, ವಿಮರ್ಶಾತ್ಮಕವಾಗಿ, ಬಹು ನಿಲುವುಗಳಿಗೆ ಜಾಗ ಕೊಟ್ಟು ತಿಳಿಸಿದರೆ ಸಾಕು, ಸಿದ್ಧಾಂತವನ್ನು ತಲೆಗೆ ತುಂಬುವ ಗುರಿ ಇರಬಾರದು ಎಂದಿತು. 2007ರಲ್ಲಿ ಅದೇ ನ್ಯಾಯಾಲಯ ನಾರ್ವೆಯ ಧರ್ಮಶಿಕ್ಷಣದ ಪಠ್ಯಕ್ರಮ ಒಂದು ಕಡೆ ವಾಲಿದೆ, ಪೂರ್ತಿ ವಿನಾಯಿತಿಯೂ ಇಲ್ಲ ಎಂದು ಪೋಷಕರ ಪರ ತೀರ್ಪು ಕೊಟ್ಟಿತು. ಒತ್ತಾಯದ ಪ್ರತಿಜ್ಞೆ, ಹಾಡುಗಳ ವಿಷಯದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1943ರಲ್ಲಿ ಧ್ವಜವಂದನೆ ಮಾಡದ ಮಕ್ಕಳ ಪರ, ಭಾರತದ ಸುಪ್ರೀಂ ಕೋರ್ಟು 1986ರಲ್ಲಿ ರಾಷ್ಟ್ರಗೀತೆಗೆ ಎದ್ದು ನಿಂತು, ಹಾಡದೆ ಉಳಿದ ಮೂವರು ಮಕ್ಕಳ ಪರ ನಿಂತವು.

ಇನ್ನು ಶಿಬಿರ. ಪುಕ್ಕಟೆ ಎಂದ ಮಾತ್ರಕ್ಕೆ ಬೇಡವೆನ್ನಬೇಕಿಲ್ಲ, ಬಾಗಿಲು ತೆರೆಯುವ ಮೊದಲು ಕೇಳಬೇಕಾದ್ದನ್ನು ಕೇಳಿ. ಪುಸ್ತಿಕೆ, ವಿಡಿಯೊ, ಹಾಡು ಎಲ್ಲದರ ಪೂರ್ತಿ ಪ್ರತಿ ಹತ್ತು ದಿನ ಮೊದಲೇ ಬರಲಿ, ‘ಸಾರಾಂಶ’ ಸಾಲದು. ಹಣ ಎಲ್ಲಿಂದ ಎಂಬುದನ್ನು ಬರವಣಿಗೆಯಲ್ಲಿ ಕೊಡಲಿ. ತರಗತಿಯ ಶಿಕ್ಷಕರು ಪೂರ್ತಿ ಹೊತ್ತು ಒಳಗಿರಲಿ, ಇದಕ್ಕೆ ಒಪ್ಪದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಬರದ ಮಕ್ಕಳಿಗೆ ಅದೇ ಹೊತ್ತಿನಲ್ಲಿ ಬೇರೆ ಪಾಠ ಇರಲಿ, ಅವರನ್ನು ಹೊರಗೆ ನಿಲ್ಲಿಸಬಾರದು. ಪ್ರತಿಜ್ಞೆ, ಸದಸ್ಯತ್ವ, ಫೋಟೊ, ಶಿಬಿರದ ಬಳಿಕ ಮಕ್ಕಳನ್ನು ಹೊರಗೆ ಭೇಟಿಯಾಗುವುದು ಯಾವುದಕ್ಕೂ ಅನುಮತಿ ಇಲ್ಲ ಎಂದು ಮೊದಲೇ ಬರೆದು ಸಹಿ ಮಾಡಿಸಿಕೊಳ್ಳಿ. ಕೊನೆಗೆ ಹೊರಡುವಾಗ ‘ದಾಖಲೆಗೆ’ ಎಂದು ಮಕ್ಕಳ ಹೆಸರು, ಫೋನ್ ನಂಬರ್ ಇರುವ ಹಾಜರಿ ಪಟ್ಟಿ ಕೇಳುತ್ತಾರೆ. ಎಷ್ಟು ಮಕ್ಕಳಿದ್ದರು ಎಂಬ ಸಂಖ್ಯೆ ಕೊಡಿ, ಪಟ್ಟಿ ಕೊಡಬೇಡಿ.